ಗಂಟೆಯ ನಾಲಗೆ ಮಾತ್ರ ಉಳಿಯಿತು

(ಮೈಸೂರಿನಲ್ಲಿ ಗೆಳೆಯರು ಸೇರಿಸಿದ್ದ ಸಂಜೆಯ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿ ಇದ್ದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಜರ್ಮನಿಯ ಕಲೋನ್ ನಗರದ ಮಹಾ ಚರ್ಚಿನ ಹೊರಗೆ, ಗೋಡೆಯ ಬದಿಯಲ್ಲಿ, ಒಂದು ಕಬ್ಬಿಣದ ದಿಂಡು ನಿಂತಿದೆ. ಆಳೆತ್ತರಕ್ಕೂ ಮಿಕ್ಕಿದ್ದು. ಒಂದು ತುದಿ ಉರುಟಾಗಿ ಉಬ್ಬಿದೆ. ಮಗಳ ಮನೆಗೆಂದು ಹೋಗಿದ್ದಾಗ ಒಂದು ಬೆಳಿಗ್ಗೆ ಅದರ ಮುಂದೆ ನಿಂತಿದ್ದೆ. ಜನ ಮೇಲಿನ ಗೋಪುರಗಳನ್ನು ನೋಡುತ್ತ, ಫೋಟೋ ತೆಗೆಯುತ್ತ ಹೋಗುತ್ತಿದ್ದರು. ನನ್ನ ಕಣ್ಣು ಮಾತ್ರ ಆ ದಿಂಡಿನಿಂದ ಕೀಳಲಾಗಲಿಲ್ಲ. ನಾನು ಬದುಕಿನ ಬಹುಭಾಗವನ್ನು ಎರಕದ ಕಾರ್ಖಾನೆಯಲ್ಲಿ ಕಳೆದವನು, ಲೋಹ ಕಂಡರೆ ಇದು ಯಾತಕ್ಕೆ ಬಂತು, ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ಉಳಿದುಬಿಟ್ಟಿದೆ. ಅದು ಒಂದು ಗಂಟೆಯ ನಾಲಗೆ. ಹಾಗಾದರೆ ಗಂಟೆ ಎಲ್ಲಿ?

ಇವತ್ತಿನ ನನ್ನ ಮಾತೆಲ್ಲ ಆ ಒಂದು ಪ್ರಶ್ನೆಗೆ ಉತ್ತರ.

ಆ ಗಂಟೆಗೆ ಕೈಸರ್ ಗಂಟೆ, ಅಂದರೆ ಚಕ್ರವರ್ತಿಯ ಗಂಟೆ, ಎಂದು ಹೆಸರು. 1870–71ರಲ್ಲಿ ಪ್ರಶ್ಯ ಮತ್ತು ಉಳಿದ ಜರ್ಮನ್ ಸಂಸ್ಥಾನಗಳು ಸೇರಿ ಫ್ರಾನ್ಸನ್ನು ಸೋಲಿಸಿದವು. ಜರ್ಮನಿ ಒಂದು ಸಾಮ್ರಾಜ್ಯವಾಯಿತು, ಪ್ರಶ್ಯದ ರಾಜ ಒಂದನೆಯ ವಿಲ್ಹೆಲ್ಮ್ ಚಕ್ರವರ್ತಿಯಾದ. ಯುದ್ಧದಲ್ಲಿ ಕೈವಶವಾದ ಫ್ರೆಂಚ್ ಕಂಚಿನ ಫಿರಂಗಿಗಳಲ್ಲಿ 22ನ್ನು ಅವನು ಕಲೋನ್ ಚರ್ಚಿಗೆ ಕೊಟ್ಟ. ಫ್ರಾಂಕೆಂಥಾಲ್ ಊರಿನ ಆಂಡ್ರೆಯಾಸ್ ಹ್ಯಾಮ್ ಎಂಬ ಎರಕದವನು ಅವನ್ನು ಕರಗಿಸಿ ಗಂಟೆ ಎರೆದ. ಮೊದಲನೆಯ ಎರಕ ಒಪ್ಪಿಗೆಯಾಗಲಿಲ್ಲ. ಎರಡನೆಯದೂ ಆಗಲಿಲ್ಲ. 1874ರಲ್ಲಿ ಮೂರನೆಯ ಸಲ ಎರೆದದ್ದನ್ನು ಒಪ್ಪಿಕೊಂಡರು. ಸುಮಾರು 27 ಟನ್ ತೂಕ. ತೂಗಲು ಇಪ್ಪತ್ತಕ್ಕೂ ಹೆಚ್ಚು ಜನ ಹಗ್ಗ ಹಿಡಿಯಬೇಕಿತ್ತು. ಅಷ್ಟಾದರೂ ಅದರ ಸ್ವರ ಅಂದುಕೊಂಡ ಹಾಗೆ ಕೂಡಲಿಲ್ಲ, ಎಷ್ಟೋ ಸಲ ಗಂಟೆ ತೂಗಿದರೂ ನಾದ ಹೊರಡುತ್ತಿರಲಿಲ್ಲ. ಕಲೋನಿನ ಜನ ಅದನ್ನು ‘ದೊಡ್ಡ ಮೂಕಿ’ ಎಂದು ಕರೆದರು.

ಎರಕದ ಕೆಲಸ ಗೊತ್ತಿದ್ದವರಿಗೆ ಇಲ್ಲೊಂದು ಮಾತು ಹೇಳಬೇಕು. ಫಿರಂಗಿಯ ಕಂಚೂ ಗಂಟೆಯ ಕಂಚೂ ಒಂದೇ ಅಲ್ಲ. ಎರಡರಲ್ಲೂ ತಾಮ್ರ ಮತ್ತು ತವರವೇ ಇರುವುದು. ಫಿರಂಗಿಗೆ ನೂರಕ್ಕೆ ಹತ್ತು ಪಾಲು ತವರ ಸಾಕು, ಹೆಚ್ಚಾದರೆ ಲೋಹ ಗಡುಸಾಗಿ ಮದ್ದಿನ ಹೊಡೆತಕ್ಕೆ ಸೀಳುತ್ತದೆ. ಗಂಟೆಗೆ ಇಪ್ಪತ್ತರಿಂದ ಇಪ್ಪತ್ತೆರಡು ಪಾಲು ಬೇಕು. ಆ ಗಡುಸುತನದಿಂದಲೇ ನಾದ ಹುಟ್ಟುವುದು. ನಾವು ‘ಕಂಚಿನ ಕಂಠ’ ಎನ್ನುವಾಗ ನೆನೆಯುವುದು ಈ ಹೆಚ್ಚು ತವರದ ಕಂಚನ್ನು. ಅಂದರೆ ಫಿರಂಗಿಯನ್ನು ಗಂಟೆ ಮಾಡಲು ತವರ ಸೇರಿಸಬೇಕು, ಗಂಟೆಯನ್ನು ಯುದ್ಧದ ಸರಕು ಮಾಡಲು ತಾಮ್ರವನ್ನೂ ತವರವನ್ನೂ ಬೇರೆ ಮಾಡಬೇಕು. ಜರ್ಮನರು ನಲವತ್ತೈದು ವರ್ಷದೊಳಗೆ ಇವೆರಡನ್ನೂ ಮಾಡಿದರು.

ಅದೇ ಕಾಲದಲ್ಲಿ ಬರ್ಲಿನ್ನಿನಲ್ಲಿ ವಿಜಯಸ್ತಂಭ ಎದ್ದಿತು. 1873ರ ಸೆಪ್ಟೆಂಬರ್ 2ರಂದು, ಸೆಡಾನ್ ಕದನದಲ್ಲಿ ಫ್ರೆಂಚರು ಶರಣಾದ ದಿನ, ಅದನ್ನು ಅನಾವರಣ ಮಾಡಿದರು. ಡೇನರು, ಆಸ್ಟ್ರಿಯನ್ನರು, ಫ್ರೆಂಚರು, ಈ ಮೂವರಿಂದ ಕಿತ್ತ ಫಿರಂಗಿಗಳ ನಳಿಗೆಗಳಿಗೆ ಚಿನ್ನದ ಲೇಪ ಕೊಟ್ಟು ಕಂಬದ ಸುತ್ತ ಸಾಲಾಗಿ ಕಟ್ಟಿದರು. ಈಗಲೂ ಅವು ಅಲ್ಲೇ ಹೊಳೆಯುತ್ತಿವೆ. ಗೆದ್ದವರು ಸೋತವರ ಆಯುಧವನ್ನು ಒಡವೆ ಮಾಡಿಕೊಳ್ಳುವುದು ಹೊಸತೇನೂ ಅಲ್ಲ. ಆದರೆ ಹೊಸ ಜರ್ಮನಿಯಲ್ಲಿ ಆಯುಧ ಮತ್ತು ಉತ್ಸವ ಇಷ್ಟು ಹತ್ತಿರ ಬಂದವು ಎಂದರೆ, ಒಂದನ್ನು ಮುಟ್ಟಿದರೆ ಇನ್ನೊಂದು ಕೈಗೆ ಹತ್ತುತ್ತಿತ್ತು.

ಸಣ್ಣ ಉದಾಹರಣೆ. ಸೇನೆಗೆ ಸೇರಿದ ಹುಡುಗ ಪ್ರಮಾಣ ಮಾಡುವಾಗ ಪಡೆಯ ಧ್ವಜವನ್ನು ಸಾಕ್ಷಿಯಾಗಿ ಇಟ್ಟುಕೊಳ್ಳುತ್ತಿದ್ದ. ಫಿರಂಗಿ ದಳದಲ್ಲಿ ಧ್ವಜದ ಜಾಗದಲ್ಲಿ ಫಿರಂಗಿಯೇ ಇರುತ್ತಿತ್ತು. ಒಂದು ಕೈಯನ್ನು ನಳಿಗೆಯ ಮೇಲಿಟ್ಟು, ಇನ್ನೊಂದನ್ನು ಎತ್ತಿ, ದೇವರ ಹೆಸರಲ್ಲಿ ಆಣೆ. ಸೊಂಟಪಟ್ಟಿಯ ಬಿಲ್ಲೆಯ ಮೇಲೆ ‘ದೇವರು ನಮ್ಮೊಂದಿಗೆ’ ಎಂಬ ಅಕ್ಷರ. ರಾತ್ರಿ ಪಂಜಿನ ಬೆಳಕಿನಲ್ಲಿ ಮಹಾ ವಾದ್ಯಮೇಳ, ಅದರ ನಡುವೆ ‘ಶಿರಸ್ತ್ರಾಣ ತೆಗೆಯಿರಿ, ಪ್ರಾರ್ಥನೆಗೆ’ ಎಂಬ ಅಪ್ಪಣೆ, ಸಾವಿರ ಜನ ಒಂದೇ ಚಲನೆಯಲ್ಲಿ ತಲೆ ಬರಿದು ಮಾಡಿಕೊಂಡು ನಿಲ್ಲುವುದು. ಈ ಮೇಳದ ಹೆಸರು ತ್ಸಾಪ್‌ಫೆನ್‌ಸ್ಟ್ರೈಷ್. ಹೆಂಡದ ಪೀಪಾಯಿಗೆ ಬಿರಡೆ ಜಡಿಯುವ ಹೊಡೆತದಿಂದ ಬಂದ ಪದ. ಇನ್ನು ಕುಡಿದದ್ದು ಸಾಕು, ಡೇರೆಗೆ ನಡೆಯಿರಿ ಎಂಬ ಹಳೆಯ ಸಂಕೇತ ಅದು. 1838ರಲ್ಲಿ ರಷ್ಯದ ಝಾರ್ ಬರ್ಲಿನ್ನಿಗೆ ಬಂದಾಗ ಸಾವಿರಕ್ಕೂ ಹೆಚ್ಚು ವಾದ್ಯಗಾರರನ್ನು ಸೇರಿಸಿ ಅದನ್ನೊಂದು ಮಹಾಪೂಜೆಯ ಮಟ್ಟಕ್ಕೆ ಏರಿಸಿದರು.

ಸಮವಸ್ತ್ರಕ್ಕೆ ಅಲ್ಲಿ ಎಂಥ ಬೆಲೆ ಇತ್ತೆಂದರೆ, 1906ರ ಅಕ್ಟೋಬರಿನಲ್ಲಿ ವಿಲ್ಹೆಲ್ಮ್ ಫೋಯ್ಕ್ಟ್ ಎಂಬ, ಜೈಲು ಕಂಡು ಬಂದ ಚಮ್ಮಾರ ಹಳೆಯ ಬಟ್ಟೆ ಅಂಗಡಿಗಳಲ್ಲಿ ಕೊಂಡ ಕ್ಯಾಪ್ಟನ್ ಉಡುಪು ತೊಟ್ಟು, ಬೀದಿಯಲ್ಲಿ ಸಿಕ್ಕ ಸಿಪಾಯಿಗಳನ್ನು ‘ನನ್ನ ಹಿಂದೆ ಬನ್ನಿ’ ಎಂದು ಕರೆದುಕೊಂಡು ಹೋಗಿ, ಬರ್ಲಿನ್ ಬಳಿಯ ಕ್ಯೋಪೆನಿಕ್ ಊರಿನ ನಗರಾಧ್ಯಕ್ಷನನ್ನೇ ಬಂಧಿಸಿ, ಖಜಾನೆಯಲ್ಲಿದ್ದ ಮೂರೂವರೆ ಸಾವಿರ ಮಾರ್ಕಿಗೂ ಮಿಕ್ಕ ಹಣ ಎತ್ತಿಕೊಂಡು ಹೋದ. ಯಾರೂ ಅವನ ಕಾಗದ ಪತ್ರ ಕೇಳಲಿಲ್ಲ. ದೇಶವೆಲ್ಲ ನಕ್ಕಿತು. ನನಗೆ ಆ ಕತೆಯಲ್ಲಿ ನಗು ಬರುವುದಿಲ್ಲ. ಬಟ್ಟೆ ಕಂಡ ಕೂಡಲೇ ಕಾಲು ಜೋಡಿಸಿ ನಿಂತ ಆ ಸಿಪಾಯಿಗಳು ಎಂಟು ವರ್ಷದ ನಂತರ ಎಲ್ಲಿದ್ದರೋ ಎಂದು ಯೋಚನೆಯಾಗುತ್ತದೆ.

ಈಗ ಕಾರ್ಖಾನೆಯ ಕಡೆಗೆ ಬರೋಣ. ರೂರ್ ಪ್ರದೇಶದ ಎಸ್ಸೆನ್ ಊರು, ಕ್ರುಪ್ ಮನೆತನ. 1811ರಲ್ಲಿ ಸಣ್ಣದಾಗಿ ಶುರುವಾದ ಉಕ್ಕಿನ ಕಮ್ಮಟ. ಆಲ್ಫ್ರೆಡ್ ಕ್ರುಪ್ ಕಾಲದಲ್ಲಿ ರೈಲು ಗಾಲಿಗಳಿಂದ ಮೊದಲು ದುಡ್ಡು ಮಾಡಿತು, ಆಮೇಲೆ ಉಕ್ಕಿನ ಫಿರಂಗಿಗಳಿಂದ ಜಗತ್ತಿಗೆಲ್ಲ ಹೆಸರಾಯಿತು. 1870ರಲ್ಲಿ ಫ್ರೆಂಚರು ಕಂಚಿನ ಫಿರಂಗಿ ಹಿಡಿದಿದ್ದರೆ ಜರ್ಮನರ ಕೈಯಲ್ಲಿದ್ದದ್ದು ಕ್ರುಪ್‌ನ ಉಕ್ಕಿನವು, ಹಿಂದಿನಿಂದ ತುಂಬುವಂಥವು. ಹೀಗಾಗಿ ಕೈಸರ್ ಗಂಟೆಯ ಕಂಚು ಇನ್ನೊಂದು ಅರ್ಥದಲ್ಲೂ ಸೋತ ಲೋಹವೇ.

ಕ್ರುಪ್ ಮನೆತನ ಫಿರಂಗಿ ಮಾರುವುದನ್ನೂ ಒಂದು ಉತ್ಸವ ಮಾಡಿತ್ತು. ಮೆಪ್ಪೆನ್ ಎಂಬಲ್ಲಿ ಅವರದೇ ಪರೀಕ್ಷಾ ಬಯಲು. ಅಲ್ಲಿಗೆ ದೇಶದೇಶಗಳ ಸೇನಾಧಿಕಾರಿಗಳನ್ನು ಕರೆಸಿ, ಊಟೋಪಚಾರ ಮಾಡಿ, ಗುಂಡು ಹಾರಿಸಿ ತೋರಿಸುತ್ತಿದ್ದರು. ಎಸ್ಸೆನ್ನಿನ ಗುಡ್ಡದ ಮೇಲಿನ ಅವರ ಮನೆ ವಿಲ್ಲಾ ಹ್ಯೂಗೆಲ್‌ನಲ್ಲಿ 269 ಕೋಣೆ. ಎರಡನೆಯ ವಿಲ್ಹೆಲ್ಮ್ ಚಕ್ರವರ್ತಿ ಅಲ್ಲಿಗೆ ನೆಂಟನ ಹಾಗೆ ಹೋಗಿ ಬರುತ್ತಿದ್ದ. 1902ರಲ್ಲಿ ಮನೆಯ ಯಜಮಾನ ಸತ್ತಾಗ ವಾರಸುದಾರಳಾಗಿ ಉಳಿದದ್ದು ಹದಿನಾರರ ಮಗಳು ಬೆರ್ತಾ. ಆಕೆಯ ಮದುವೆ 1906ರಲ್ಲಿ ಗುಸ್ತಾಫ್ ಫೋನ್ ಬೋಲೆನ್ ಎಂಬ ರಾಜತಾಂತ್ರಿಕನೊಡನೆ ನಡೆಯಿತು. ಚಕ್ರವರ್ತಿ ಖುದ್ದು ಬಂದು, ವರನಿಗೆ ಹೆಂಡತಿಯ ಮನೆತನದ ಹೆಸರನ್ನು ದಯಪಾಲಿಸಿದ. ಮನೆ ಅಳಿಯನಿಗೆ ಮಾವನ ಮನೆ ಹೆಸರು ಕೊಡಲು ಇಡೀ ಸಾಮ್ರಾಜ್ಯದ ಒಡೆಯನೇ ಬರಬೇಕಾಯಿತು. ಫಿರಂಗಿ ಮಾಡುವ ಮನೆಗೆ ‘ಕ್ರುಪ್’ ಎಂಬ ಹೆಸರು ಅಳಿಯಬಾರದಿತ್ತು.

1912ರ ಆಗಸ್ಟಿನಲ್ಲಿ ಕಾರ್ಖಾನೆಯ ಶತಮಾನೋತ್ಸವ. ಚಕ್ರವರ್ತಿ ಬಂದ. ಭಾಷಣಗಳಾದವು. ಕೊನೆಗೆ ಮಧ್ಯಯುಗದ ವೀರರ ಪಂದ್ಯದಂಥ ದೊಡ್ಡದೊಂದು ಪ್ರದರ್ಶನ ಇಟ್ಟುಕೊಂಡಿದ್ದರು. ಗುಸ್ತಾಫ್ ಮತ್ತು ಬೆರ್ತಾ ಹಳೆಯ ಕಾಲದ ಉಡುಪು ತೊಟ್ಟು ಕಾಣಿಸಿಕೊಳ್ಳುವವರಿದ್ದರು. ಆಗಸ್ಟ್ 8ರಂದು ಪಕ್ಕದ ಬೋಖುಮ್‌ನ ಲೋತ್ರಿಂಗೆನ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ ನೂರಕ್ಕೂ ಹೆಚ್ಚು ಗಣಿಗಾರರು ಸತ್ತರು. ಪಂದ್ಯ ರದ್ದಾಯಿತು. ಉಕ್ಕಿನ ಉತ್ಸವಕ್ಕೆ ಕಲ್ಲಿದ್ದಲು ಬೇಕು, ಕಲ್ಲಿದ್ದಲಿಗೆ ಇಳಿದವರು ಮೇಲೆ ಬರಲಿಲ್ಲ. ಈ ಘಟನೆಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಎರಡು ವರ್ಷಕ್ಕೆ ಮೊದಲ ಮಹಾಯುದ್ಧ ಬಂತು. 1914ರ ಆಗಸ್ಟ್ 1ರ ಸಂಜೆ ಬರ್ಲಿನ್ ಅರಮನೆಯ ಮುಂದೆ ಸೇರಿದ ಜನಕ್ಕೆ ಚಕ್ರವರ್ತಿ ಉಪ್ಪರಿಗೆಯಿಂದ ಹೇಳಿದ್ದು, ಇನ್ನು ಪಕ್ಷಗಳಿಲ್ಲ, ಜರ್ಮನರು ಮಾತ್ರ ಎಂದು. ರೈಲು ಹತ್ತಿದ ಹುಡುಗರ ಕೋವಿಯ ನಳಿಗೆಯಲ್ಲಿ ಹೂವು. ಎಲ್ಲರೂ ಹಾಗೆ ಕುಣಿದರು ಎಂದುಕೊಳ್ಳಬೇಡಿ, ಹಳ್ಳಿಗಳಲ್ಲಿ ಅದು ಸುಗ್ಗಿಯ ಕಾಲ, ಗಂಡಾಳುಗಳು ಹೊರಟು ಹೋದರೆ ಕೊಯ್ಲಿಗೆ ಯಾರು ಎಂಬ ಅಳು ಅಲ್ಲಿ. ಆದರೂ ಗೆಲುವಿನ ಸುದ್ದಿ ಬಂದಾಗಲೆಲ್ಲ ಊರೂರಿನ ಚರ್ಚುಗಳಲ್ಲಿ ಗಂಟೆ ಬಾರಿಸಿದರು, ಶಾಲೆಗಳಿಗೆ ರಜೆ ಕೊಟ್ಟರು. ಬೆಲ್ಜಿಯಮ್ಮಿನ ಲಿಯೇಜ್ ಕೋಟೆಗಳ ಮೇಲೆ ಕ್ರುಪ್‌ನ 42 ಸೆಂಟಿಮೀಟರಿನ ಮಹಾ ತೋಪುಗಳು ಗುಂಡೆಸೆದಾಗ, ಒಂದೊಂದು ಗುಂಡು ಎಂಟು ನೂರು ಕಿಲೋ ತೂಗುತ್ತಿತ್ತು. ಆಗಸ್ಟ್ 15ರಂದು ಲೋನ್ಸಿನ್ ಕೋಟೆಯ ಮದ್ದಿನ ಮನೆಗೇ ಗುಂಡು ಹೊಕ್ಕು ಕೋಟೆ ಒಳಗಿನಿಂದ ಒಡೆದುಹೋಯಿತು, ನೂರಾರು ಬೆಲ್ಜಿಯನ್ ಸೈನಿಕರು ಅಲ್ಲೇ ಹೂತುಹೋದರು. ಸಿಪಾಯಿಗಳು ಆ ತೋಪಿಗೆ ‘ದಪ್ಪ ಬೆರ್ತಾ’ ಎಂದು ಹೆಸರಿಟ್ಟರು. ಮದುಮಗಳಾಗಿ ಚಕ್ರವರ್ತಿಯ ಎದುರು ನಿಂತಿದ್ದ ಹೆಣ್ಣಿನ ಹೆಸರು ಹೀಗೆ ತೋಪಿನ ಹೆಸರಾಯಿತು.

ಜರ್ಮನಿಯ ಲೆಕ್ಕವೆಲ್ಲ ಕೆಲವು ತಿಂಗಳ ಯುದ್ಧಕ್ಕೆ ಇದ್ದದ್ದು. ಬ್ರಿಟಿಷ್ ನೌಕಾಪಡೆ ಸಮುದ್ರದ ದಾರಿ ಮುಚ್ಚಿದ ಮೇಲೆ ಲೆಕ್ಕ ತಪ್ಪಿತು. ತಾಮ್ರ ಬಹುಪಾಲು ಅಮೆರಿಕದಿಂದ ಬರುತ್ತಿತ್ತು, ಮದ್ದಿಗೆ ಬೇಕಾದ ಸಾಲ್ಟ್‌ಪೀಟರ್ ಚಿಲಿಯಿಂದ. ಎ.ಇ.ಜಿ. ವಿದ್ಯುತ್ ಕಂಪನಿಯ ವಾಲ್ಟರ್ ರಾಟೆನಾವ್ ಆಗಸ್ಟ್ ತಿಂಗಳಲ್ಲೇ ಯುದ್ಧ ಸಚಿವಾಲಯಕ್ಕೆ ಹೋಗಿ ಇದನ್ನು ಎಚ್ಚರಿಸಿದ, ಕಚ್ಚಾವಸ್ತುಗಳ ಇಲಾಖೆಯೊಂದು ಹುಟ್ಟಿತು. ಸಾಲ್ಟ್‌ಪೀಟರಿನ ಸಮಸ್ಯೆಯನ್ನು ರಸಾಯನಶಾಸ್ತ್ರ ಬಿಡಿಸಿತು. ಹಾಬರ್ ಮತ್ತು ಬೋಷ್ ಕಂಡುಕೊಂಡ ವಿಧಾನದಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯ, ಅದರಿಂದ ನೈಟ್ರಿಕ್ ಆಮ್ಲ. 1913ರಲ್ಲಿ ಗೊಬ್ಬರಕ್ಕೆಂದು ಶುರುವಾದ ಓಪ್ಪಾವ್ ಕಾರ್ಖಾನೆ ಮದ್ದಿನ ಕಡೆ ತಿರುಗಿತು, 1917ರಲ್ಲಿ ಲೊಯ್ನಾದಲ್ಲಿ ಇನ್ನೂ ದೊಡ್ಡದು ಬಂತು. ಅದರ ಕತೆ ಇನ್ನೊಂದು ಸಂಜೆಗೆ ಇರಲಿ. ಗಾಳಿಯಿಂದ ಮದ್ದು ತೆಗೆಯಬಹುದು, ತಾಮ್ರ ತೆಗೆಯಲಾಗದು. ನಮ್ಮ ವಿಷಯ ಅದು.

ತಾಮ್ರ ಏಕೆ ಬೇಕು ಎಂದು ಕೇಳಬಹುದು, ಫಿರಂಗಿ ಉಕ್ಕಿನದು, ಗುಂಡೂ ಉಕ್ಕಿನದು. ಹೇಳುತ್ತೇನೆ. ಫಿರಂಗಿಯ ನಳಿಗೆಯ ಒಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ಅವುಗಳಿಗೆ ಕಚ್ಚಿಕೊಂಡು ತಿರುಗುತ್ತ ಹೊರಬಂದರೆ ಮಾತ್ರ ನೆಟ್ಟಗೆ ಹಾರುತ್ತದೆ. ಉಕ್ಕಿಗೆ ಉಕ್ಕು ಉಜ್ಜಿದರೆ ನಳಿಗೆ ನಾಲ್ಕು ದಿನಕ್ಕೆ ಸವೆದುಹೋದೀತು. ಅದಕ್ಕೆ ಗುಂಡಿನ ಕೆಳಭಾಗಕ್ಕೆ ಬಳೆಯಂಥ ಒಂದು ತಾಮ್ರದ ಪಟ್ಟಿ ಬಿಗಿದಿರುತ್ತಾರೆ. ಮೆತ್ತಗಿನ ತಾಮ್ರ ಗೀರುಗಳೊಳಗೆ ಒತ್ತಿಕೊಳ್ಳುತ್ತದೆ, ಹಿಂದಿನ ಬಿಸಿ ಅನಿಲ ಸೋರದಂತೆ ತಡೆಯುತ್ತದೆ. ಜೊತೆಗೆ ಮದ್ದು ತುಂಬುವ ಹಿತ್ತಾಳೆ ಕೋಶಗಳು, ಅವುಗಳಲ್ಲೂ ಹೆಚ್ಚಿನ ಪಾಲು ತಾಮ್ರ. ಒಂದು ಗುಂಡಿಗೆ ಬೇಕಾದದ್ದು ಸ್ವಲ್ಪವೇ. ದಿನಕ್ಕೆ ಲಕ್ಷಗಟ್ಟಲೆ ಗುಂಡು ಹಾರುವ ಯುದ್ಧದಲ್ಲಿ ಆ ಸ್ವಲ್ಪವೇ ಬೆಟ್ಟವಾಗುತ್ತದೆ. ಹಾರಿದ ತಾಮ್ರ ತಿರುಗಿ ಬರುವುದೂ ಇಲ್ಲ.

ಆಗ ಶುರುವಾಯಿತು ಮನೆಮನೆಯಿಂದ ಲೋಹ ಎತ್ತುವುದು. ಮೊದಲು ಕೊಟ್ಟದ್ದು ಚಿನ್ನ, ಅದೂ ಒಂದು ವ್ರತದ ಹಾಗೆ. 1813ರಲ್ಲಿ ನೆಪೋಲಿಯನ್ ವಿರುದ್ಧದ ಯುದ್ಧಕ್ಕೆ ಪ್ರಶ್ಯದ ಹೆಂಗಸರು ಒಡವೆ ಕೊಟ್ಟು, ‘ಚಿನ್ನ ಕೊಟ್ಟು ಕಬ್ಬಿಣ ಕೊಂಡೆ’ ಎಂದು ಕೆತ್ತಿದ ಕಬ್ಬಿಣದ ಉಂಗುರ ತೊಟ್ಟಿದ್ದರು. ಐರನ್ ಕ್ರಾಸ್ ಪದಕ ಹುಟ್ಟಿದ್ದೂ ಅದೇ ವರ್ಷ. ವಾಸ್ತುಶಿಲ್ಪಿ ಶಿಂಕೆಲ್ ಕೈಯಲ್ಲಿ ರೂಪುಗೊಂಡದ್ದು, ಬೆಳ್ಳಿಯ ಅಂಚಿನೊಳಗೆ ಕಪ್ಪು ಎರಕದ ಕಬ್ಬಿಣ. ಬಡತನದ ಲೋಹವನ್ನೇ ಗೌರವದ ಲೋಹ ಮಾಡಿದ ಆ ಯೋಚನೆ ಅಂದಿಗೆ ನಿಜವಾಗಿಯೂ ದೊಡ್ಡದು. ಒಂದು ನೂರು ವರ್ಷ ಕಳೆದು ಅದನ್ನೇ ಮತ್ತೆ ಹೊರತೆಗೆದರು. ಮತ್ತೆ ಮದುವೆಯ ಉಂಗುರಗಳು ಹೋದವು, ಕಬ್ಬಿಣದ ಉಂಗುರಗಳು ಬಂದವು. ಐರನ್ ಕ್ರಾಸಿನ ಎರಡನೆಯ ದರ್ಜೆಯನ್ನು ಆ ಯುದ್ಧದಲ್ಲಿ ಹಂಚಿದ್ದು ಸುಮಾರು ಐವತ್ತು ಲಕ್ಷ.

1915ರಲ್ಲಿ ಊರೂರಿಗೂ ಮೊಳೆ ಬಡಿಯುವ ಪದ್ಧತಿ ಬಂತು. ಆ ಮಾರ್ಚಿನಲ್ಲಿ ವಿಯೆನ್ನಾದಲ್ಲಿ ಆರಂಭವಾದದ್ದು ಜರ್ಮನಿಗೆಲ್ಲ ಹಬ್ಬಿತು. ಮರದ ಒಬ್ಬ ವೀರ, ಇಲ್ಲವೇ ಗುರಾಣಿ, ಶಿಲುಬೆ. ದುಡ್ಡು ಕೊಟ್ಟವರು ಅದಕ್ಕೆ ಒಂದು ಮೊಳೆ ಬಡಿಯಬೇಕು. ದುಡ್ಡು ಯುದ್ಧದಲ್ಲಿ ಸತ್ತವರ ಹೆಂಡಿರು ಮಕ್ಕಳಿಗೆ. ಕಲೋನಿನವರು ತಮ್ಮ ಊರಿನ ಹಳೆಯ ಲಾಂಛನವಾದ ರೈತನನ್ನೇ ಕಬ್ಬಿಣ ತೊಡಿಸಿ ನಿಲ್ಲಿಸಿದರು. ಬರ್ಲಿನ್ನಿನಲ್ಲಿ ಸೆಪ್ಟೆಂಬರ್ 4ರಂದು, ನಾನು ಹೇಳಿದ ಆ ವಿಜಯಸ್ತಂಭದ ಪಕ್ಕದಲ್ಲೇ, ದಂಡನಾಯಕ ಹಿಂಡೆನ್‌ಬುರ್ಗ್‌ನ ಮರದ ಮೂರ್ತಿ ನಿಂತಿತು. ಎತ್ತರ ಸುಮಾರು 12 ಮೀಟರ್. ಸುತ್ತ ಅಟ್ಟಣಿಗೆ, ಏಣಿ. ಕಬ್ಬಿಣದ ಮೊಳೆಗೆ ಒಂದು ಮಾರ್ಕ್, ಬೆಳ್ಳಿಯದಕ್ಕೆ ಐದು, ಚಿನ್ನದ್ದಕ್ಕೆ ನೂರು. ಶಾಲೆಯ ಮಕ್ಕಳು ಸಾಲುಗಟ್ಟಿ ಬಂದು ಸುತ್ತಿಗೆ ಎತ್ತಿದರು. ವಾದ್ಯ, ಭಾಷಣ, ಹಾರ.

ಆ ಅಟ್ಟಣಿಗೆ ಹತ್ತಿ ಮೊಳೆ ಬಡಿದ ಹೆಂಗಸರನ್ನು ನಾನು ಹಗುರವಾಗಿ ಕಾಣಲಾರೆ. ಗಂಡ ಬೆಲ್ಜಿಯಮ್ಮಿನ ಫ್ಲ್ಯಾಂಡರ್ಸ್‌ನ ಕೆಸರಿನಲ್ಲಿದ್ದಾನೆ, ಇಲ್ಲವೇ ಬದುಕಿಯೇ ಇಲ್ಲ. ಕೈಗೆ ಒಂದು ಕೆಲಸ ಬೇಕು. ಸುತ್ತಿಗೆಯ ಒಂದು ಪೆಟ್ಟು, ಮರದೊಳಗೆ ಇಳಿಯುವ ಮೊಳೆ, ಅಕ್ಕಪಕ್ಕ ನಿಂತವರ ಕಣ್ಣೀರು. ದುಃಖಕ್ಕೆ ಇಂಥದೊಂದು ಆಚರಣೆ ಬೇಕೇಬೇಕು. ಆ ದುಃಖದ ಬಲವನ್ನು ಯುದ್ಧ ಮುಂದುವರಿಸಲು ಬಳಸಿಕೊಂಡರಲ್ಲ, ಅದು ನನ್ನ ಸಂಕಟ. ಕಾರ್ಖಾನೆಗೆ ತಾಮ್ರ ಹೇಗೆ ಬೇಕಿತ್ತೋ ಹಾಗೆ ಜನರ ಒಪ್ಪಿಗೆಯೂ ಬೇಕಿತ್ತು. ಅದನ್ನು ಒದಗಿಸಿದ್ದು ಇಂಥ ಆಚರಣೆಗಳು. ಇದೇ ನಾನು ಇಂದು ಹೇಳಬಂದದ್ದು: ಮೆರವಣಿಗೆ, ವಾದ್ಯ, ಪದಕ, ಗಂಟೆ, ಇವು ಯುದ್ಧಕ್ಕೆ ತೊಡಿಸಿದ ಅಲಂಕಾರವಾಗಿರಲಿಲ್ಲ. ಯುದ್ಧಸಾಮಗ್ರಿಯ ಸರಬರಾಜಿನಲ್ಲಿ ಅವಕ್ಕೂ ಒಂದು ಪಾಲಿತ್ತು.

ಅದೇ 1915ರ ಬೇಸಿಗೆಯಲ್ಲಿ ಅಡುಗೆಮನೆಯ ತಾಮ್ರ, ಹಿತ್ತಾಳೆ, ನಿಕ್ಕಲ್ ಪಾತ್ರೆಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಬಂತು. ಅಜ್ಜಿಯಿಂದ ಬಂದ ಹಂಡೆ, ಜಾಮು ಕಾಯಿಸುವ ಬಾಣಲೆ, ಬಾಗಿಲ ಹಿಡಿ. ಕಿಸೆಯ ನಿಕ್ಕಲ್ ನಾಣ್ಯಗಳು ಹೋಗಿ ಕಬ್ಬಿಣದ ಐದು, ಹತ್ತು ಫೆನಿಗ್ ಬಂದವು. ಸೈನಿಕನ ತಲೆಯೂ ಬದಲಾಯಿತು. 1842ರಿಂದ ಪ್ರಶ್ಯದ ಹೆಮ್ಮೆಯಾಗಿದ್ದ, ತುದಿಗೆ ಮೊನೆಯಿದ್ದ ತೊಗಲಿನ ಶಿರಸ್ತ್ರಾಣ ಕವಾಯತಿಗೆ ಚಂದ, ಸಿಡಿಯುವ ಗುಂಡಿನ ಚೂರುಗಳ ಮುಂದೆ ಏನೂ ಅಲ್ಲ. ತೊಗಲೂ ಸಿಗದಾಯಿತು, ಉಣ್ಣೆಯ ಕಂಬಳಿ ಬಟ್ಟೆಯಲ್ಲಿ, ತೆಳು ತಗಡಿನಲ್ಲಿ ಅದರ ಆಕಾರ ಮಾಡಿ ನೋಡಿದರು. ಕೊನೆಗೆ ಹನೋವರ್ ತಾಂತ್ರಿಕ ವಿದ್ಯಾಲಯದ ಫ್ರೀಡ್ರಿಷ್ ಶ್ವೆರ್ಡ್ ಕಿವಿ ಮತ್ತು ಕತ್ತು ಮುಚ್ಚುವ ಉಕ್ಕಿನ ಶಿರಸ್ತ್ರಾಣ ರೂಪಿಸಿದರು, ಹಾರ್ಟ್ಸ್ ಬೆಟ್ಟಗಳ ಟಾಲೆ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಅದನ್ನು ಒತ್ತಿ ತಯಾರಿಸಿದರು. 1916ರಲ್ಲಿ ಫ್ರಾನ್ಸಿನ ವೆರ್ಡೂನ್ ಕದನದಲ್ಲಿ ಅದು ಸೈನಿಕರ ತಲೆಗೇರಿತು. ಪದಕ, ಮೊನೆ, ಗರಿಗಳಿಂದ ಹೊಳೆಯುತ್ತಿದ್ದ ಸೇನೆ ಬೂದು ಬಣ್ಣದ ಕೂಲಿಗಾರರ ಸೇನೆಯಂತಾಯಿತು.

1916ರ ಆಗಸ್ಟಿನಲ್ಲಿ ಹಿಂಡೆನ್‌ಬುರ್ಗ್, ಲೂಡೆಂಡೋರ್ಫ್ ಸೇನೆಯ ಮೇಲಧಿಕಾರ ವಹಿಸಿಕೊಂಡರು. ಮದ್ದುಗುಂಡು ಎರಡು ಪಟ್ಟು, ಫಿರಂಗಿ ಮತ್ತು ಮಶೀನ್‌ಗನ್ ಮೂರು ಪಟ್ಟು, ಅದೂ ಮುಂದಿನ ಮೇ ತಿಂಗಳೊಳಗೆ ಎಂದು ಗುರಿ ಇಟ್ಟರು. ಡಿಸೆಂಬರಿನಲ್ಲಿ ಬಂದ ಕಾನೂನು 17ರಿಂದ 60ರ ವಯಸ್ಸಿನ ಎಲ್ಲ ಗಂಡಸರನ್ನೂ ಯುದ್ಧದ ದುಡಿಮೆಗೆ ಕಟ್ಟಿತು. ಕ್ರುಪ್‌ನಲ್ಲಿ ಯುದ್ಧಕ್ಕೆ ಮೊದಲು ಸುಮಾರು 80,000 ಇದ್ದ ಕೆಲಸಗಾರರು ಯುದ್ಧ ಮುಗಿಯುವ ಹೊತ್ತಿಗೆ ಅದರ ಎರಡರಷ್ಟಾಗಿದ್ದರು. ಅವರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಂಗಸರು. ಆ ಚಳಿಗಾಲದಲ್ಲೇ ಆಲೂಗಡ್ಡೆ ಬೆಳೆ ಕೆಟ್ಟಿತು. ದನಕ್ಕೆ ಹಾಕುವ ಟರ್ನಿಪ್ ಜಾತಿಯ ಗೆಡ್ಡೆಯನ್ನೇ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತಿಂದರು. ರೊಟ್ಟಿಗೂ ಅದೇ, ಜಾಮಿಗೂ ಅದೇ.

ಗಂಟೆಗಳ ಸರದಿ ಬಂದದ್ದು ಆ ಹಸಿವಿನ ಚಳಿಗಾಲದ ಕೊನೆಯಲ್ಲಿ. 1917ರ ಮಾರ್ಚಿನಲ್ಲಿ ಕಂಚಿನ ಗಂಟೆಗಳನ್ನೆಲ್ಲ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಮೂರು ವರ್ಗ ಮಾಡಿದರು. ಇತ್ತೀಚಿನವು ಮೊದಲು ಹೋಗಬೇಕು, ಹಳೆಯವು, ಕಲೆಯ ಬೆಲೆಯುಳ್ಳವು ಉಳಿಯಬಹುದು. ಆರ್ಗನ್ ವಾದ್ಯದ ಮುಂಭಾಗದಲ್ಲಿ ಹೊಳೆಯುವ ತವರದ ಕೊಳವೆಗಳನ್ನೂ ಕಿತ್ತರು.

ಗಂಟೆ ಎಂದರೆ ಅಲ್ಲಿನವರಿಗೆ ಬರಿಯ ಲೋಹವಲ್ಲ. ಗಂಟೆಗೆ ಹೆಸರಿಡುತ್ತಾರೆ. ಕ್ಯಾಥೊಲಿಕ್ಕರಲ್ಲಿ ಬಿಷಪ್ ಬಂದು ನೀರೆರೆದು, ಎಣ್ಣೆ ಹಚ್ಚಿ, ಧೂಪ ಹಾಕುವುದುಂಟು, ಮಗುವಿಗೆ ಮಾಡಿದ ಹಾಗೇ. ಹುಟ್ಟಿದಾಗ, ಮದುವೆಗೆ, ಬೆಂಕಿ ಬಿದ್ದಾಗ, ಸತ್ತಾಗ ಬಾರಿಸಿದ್ದು ಅದೇ ಗಂಟೆ. ಆದ್ದರಿಂದ ಅದನ್ನು ಕಳಿಸುವಾಗಲೂ ಒಂದು ಆಚರಣೆ ಬೇಕಾಯಿತು. ಕೊನೆಯ ಭಾನುವಾರ ಬಹಳ ಹೊತ್ತು ಬಾರಿಸಿದರು. ಕೆಳಗಿಳಿಸಿ, ಹಸಿರು ಕೊಂಬೆ, ಹೂಮಾಲೆ ಹಾಕಿ, ಸುತ್ತ ಊರಿನವರು ನಿಂತು ಫೋಟೋ ತೆಗೆಸಿಕೊಂಡರು. ಪಾದ್ರಿ ವಿದಾಯದ ಮಾತು ಹೇಳಿದ. ಗಾಡಿ ಹೊರಟಾಗ ಮಕ್ಕಳು ಊರ ಗಡಿಯವರೆಗೆ ಹಿಂದೆ ನಡೆದರು. ಅಂಥ ಹಳೆಯ ಫೋಟೋಗಳು ಈಗಲೂ ಸಿಗುತ್ತವೆ. ಸೀಮೆಸುಣ್ಣದಲ್ಲಿ ಗಂಟೆಯ ಮೈಮೇಲೆ ತೂಕ ಬರೆದಿದೆ. ಹಿಂದೆ ನಿಂತವರ ಮುಖ ನೋಡಿದರೆ ಸಾವಿನ ಮನೆಯೆದುರು ನಿಂತ ಹಾಗಿದೆ. ಇಳಿಸಲಾಗದಷ್ಟು ದೊಡ್ಡ ಗಂಟೆಗಳನ್ನು ಗೋಪುರದಲ್ಲೇ ಸುತ್ತಿಗೆಯಿಂದ ಒಡೆದರು. ಗಂಟೆಯನ್ನು ಒಡೆಯುವಾಗ ಮೊದಲ ಕೆಲವು ಪೆಟ್ಟಿಗೆ ಅದು ನಾದ ಮಾಡುತ್ತದೆ, ಸೀಳು ಬಿಟ್ಟ ಮೇಲೆ ಮಡಕೆಯ ಸದ್ದು. ಕಾರ್ಖಾನೆಯಲ್ಲಿ ಹಳೆಯ ಕಂಚು ಒಡೆಯುವಾಗ ಆ ಸದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಅದು ತಾನು ಬಾರಿಸಿದ, ತನ್ನ ಮದುವೆಗೆ ಬಾರಿಸಿದ ಗಂಟೆಯಾದರೆ ಹೇಗಿರುತ್ತದೆಂದು ಊಹಿಸಬಲ್ಲೆ.

ಹತ್ತಾರು ಸಾವಿರ ಗಂಟೆಗಳು ಹೀಗೆ ಹೋದವು, ದೇಶದಲ್ಲಿದ್ದವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು. ಅವುಗಳಲ್ಲಿ ನೈಋತ್ಯದ ವ್ಯೂರ್ಟೆಂಬೆರ್ಗ್ ಸೀಮೆಯ ಹಳ್ಳಿಗಳ ಗಂಟೆಗಳೂ ಇದ್ದವು. ಆ ಸೀಮೆ ನಮಗೆ ದೂರದ್ದಲ್ಲ. ಮಂಗಳೂರಿಗೆ, ಧಾರವಾಡಕ್ಕೆ, ಹುಬ್ಬಳ್ಳಿಗೆ ಬಂದ ಬಾಸೆಲ್ ಮಿಶನ್ ಪಾದ್ರಿಗಳಲ್ಲಿ ಬಹಳ ಜನ ಅಲ್ಲಿಯವರು. ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್ ಅಲ್ಲಿಯವರೇ. ಯುದ್ಧ ಬಂದಾಗ ಇಲ್ಲಿದ್ದ ಮಿಶನ್ನಿನ ಜರ್ಮನರು ಶತ್ರುದೇಶದವರೆನಿಸಿಕೊಂಡು ಬಂಧನಕ್ಕೊಳಗಾದರು, ಕೊನೆಗೆ ದೇಶವನ್ನೇ ಬಿಡಬೇಕಾಯಿತು. ಇಲ್ಲಿ ಕಟ್ಟಿದ ಶಾಲೆ, ಹಂಚಿನ ಕಾರ್ಖಾನೆ ಬಿಟ್ಟು ಊರಿಗೆ ಮರಳಿದವರಿಗೆ ಅಲ್ಲಿಯ ಗೋಪುರಗಳೂ ಬರಿದಾಗಿ ಕಂಡಿರಬೇಕು.

1918ರಲ್ಲಿ ಕಲೋನಿನ ಕೈಸರ್ ಗಂಟೆಯನ್ನೂ ಬಿಡಲಿಲ್ಲ. ಚಕ್ರವರ್ತಿ ಹೆಸರಿನದು, ಗೆಲುವಿನ ಗುರುತು, ಇಡೀ ದೇಶದಲ್ಲೇ ಎಲ್ಲಕ್ಕಿಂತ ದೊಡ್ಡದು. ಅದನ್ನೂ ಕರಗಿಸಿದರು. ಫ್ರೆಂಚರಿಂದ ಕಿತ್ತ ಕಂಚು ಫ್ರೆಂಚರ ಮೇಲೆ ಗುಂಡಾಗಿ ಹೋಗಲು ಮತ್ತೆ ಕುಲುಮೆ ಹೊಕ್ಕಿತು. ನಾಲಗೆ ಕಬ್ಬಿಣದ್ದು. ಅದರಲ್ಲಿ ತಾಮ್ರವಿಲ್ಲ. ಅದನ್ನು ಕೇಳಿದವರಿಲ್ಲ.

ಆ ಹೊತ್ತಿಗೆ ಆಚರಣೆಗಳೂ ಬರಿದಾಗಿದ್ದವು. ಜನವರಿಯಲ್ಲಿ ಬರ್ಲಿನ್ನಿನ ಮದ್ದುಗುಂಡು ಕಾರ್ಖಾನೆಗಳ ಕೆಲಸಗಾರರು, ನಾಲ್ಕು ಲಕ್ಷದಷ್ಟು ಜನ, ಶಾಂತಿ ಬೇಕು, ಅನ್ನ ಬೇಕು ಎಂದು ಮುಷ್ಕರ ಹೂಡಿದ್ದರು. ಸೆಪ್ಟೆಂಬರ್ 10ರಂದು ಚಕ್ರವರ್ತಿ ಎಸ್ಸೆನ್ನಿಗೆ ಬಂದ. ಕ್ರುಪ್ ಕಾರ್ಖಾನೆಯ ಸಭಾಭವನದಲ್ಲಿ, ಕೆಲಸದ ಬಟ್ಟೆಯಲ್ಲಿ ನಿಂತಿದ್ದ ಆಯ್ದ ಕೆಲಸಗಾರರಿಗೆ ಭಾಷಣ ಮಾಡಿದ. ಪ್ರತಿಯೊಬ್ಬನಿಗೂ ಮೇಲಿನಿಂದ ಒಪ್ಪಿಸಿದ ಕೆಲಸವಿದೆ, ನಿನಗೆ ನಿನ್ನ ಸುತ್ತಿಗೆ, ನಿನಗೆ ನಿನ್ನ ಲೇತು, ನನಗೆ ನನ್ನ ಸಿಂಹಾಸನ ಎಂಬ ಅರ್ಥದ ಮಾತಾಡಿದ. ಕೊನೆತನಕ ಹೋರಾಡುತ್ತೇವೆ ಎಂದು ಮಾತು ಕೊಡುವವರು ‘ಹೌದು’ ಎನ್ನಿ ಎಂದು ಕೇಳಿಕೊಂಡ. ಮುಂದೆ ನಿಂತ ಕೆಲವರು ಹೌದೆಂದಿರಬಹುದು. ಸರಿಯಾಗಿ ಎರಡು ತಿಂಗಳಿಗೆ, ನವೆಂಬರ್ 10ರಂದು, ಅವನು ಗಡಿ ದಾಟಿ ಹಾಲೆಂಡಿಗೆ ಹೋದ.

ಎಸ್ಸೆನ್ ಭಾಷಣವಾದ ಹದಿಮೂರನೆಯ ದಿನ, ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆ ಜೋಧಪುರದವರ ಜೊತೆಗೆ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಹಿಡಿಯಿತು. ಎದುರಿಗಿದ್ದವರು ತುರ್ಕರು, ಅವರ ಬೆನ್ನಿಗೆ ಜರ್ಮನ್, ಆಸ್ಟ್ರಿಯನ್ ಬಲ. ಕಾರ್ಖಾನೆಯ ಯುಗದ ಮಶೀನ್‌ಗನ್ನುಗಳ ಮುಂದೆ ನಮ್ಮ ಕಡೆಯ ಹುಡುಗರು ಕುದುರೆಯ ಮೇಲೆ ಈಟಿ ಹಿಡಿದು ಹೋದರು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕದ ಪಕ್ಕದಲ್ಲಿ ಹಾದುಹೋಗುವವರು ಒಂದು ನಿಮಿಷ ನಿಂತು ನೋಡಬೇಕು ಎಂದು ನನ್ನ ಬೇಡಿಕೆ.

ಯುದ್ಧ ಮುಗಿದ ಮೇಲೆ ಕ್ರುಪ್ ರೈಲು ಎಂಜಿನ್ ಮಾಡತೊಡಗಿತು. ಬೋಖುಮ್ ಊರಿನ ಉಕ್ಕಿನ ಕಂಪನಿ ಬೋಖುಮರ್ ಫೆರೈನ್, ಅದೂ ಯುದ್ಧವಿಡೀ ಫಿರಂಗಿ, ಗುಂಡು ಮಾಡಿದ್ದೇ, ತನ್ನ ಹಳೆಯ ಕಸುಬೊಂದಕ್ಕೆ ಮರಳಿತು. ಏನು ಗೊತ್ತೇ? ಎರಕದ ಉಕ್ಕಿನ ಗಂಟೆಗಳು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ಉಕ್ಕಿನ ಗಂಟೆ ಕಂಡು ಆಲ್ಫ್ರೆಡ್ ಕ್ರುಪ್, ಇದು ಉಕ್ಕಲ್ಲ, ಬೀಡು ಕಬ್ಬಿಣ ಎಂದು ತಕರಾರು ತೆಗೆದಿದ್ದ. ಕಂಪನಿಯ ಯಾಕೋಬ್ ಮಾಯರ್ ಒಂದು ಗಂಟೆಯನ್ನು ಒಡೆಸಿ, ಚೂರುಗಳನ್ನು ಕಾಸಿ ಬಡಿದು ತೋರಿಸಿದ. ಬೀಡು ಕಬ್ಬಿಣ ಬಡಿತಕ್ಕೆ ಪುಡಿಯಾಗುತ್ತದೆ, ಇದು ಆಗಲಿಲ್ಲ. ಯುದ್ಧದ ನಂತರ ಬರಿದಾದ ಗೋಪುರಗಳಿಗೆ ಅಗ್ಗದ ಗಂಟೆ ಬೇಕಾದಾಗ ಊರೂರಿನವರು ಬೋಖುಮ್‌ಗೆ ಬರೆದರು. ಗುಂಡು ಮಾಡಿದ ಕುಲುಮೆಗಳೇ ಗುಂಡಿಗೆ ಹೋದ ಗಂಟೆಗಳ ಜಾಗ ತುಂಬಿದವು. ಕಲೋನಿನವರು ಮಾತ್ರ ಕಂಚನ್ನೇ ಹಿಡಿದು ಕೂತರು. ಹಣದ ಬೆಲೆ ಗಂಟೆಗಂಟೆಗೆ ಕರಗುತ್ತಿದ್ದ 1923ರಲ್ಲಿ ಅಪೋಲ್ಡಾ ಊರಿನ ಎರಕದವನಾದ ಹೈನ್ರಿಷ್ ಉಲ್ರಿಷ್ ಕಲೋನ್ ಚರ್ಚಿಗೆ 24 ಟನ್ನಿನ ಗಂಟೆ ಎರೆದುಕೊಟ್ಟ. ಸಂತ ಪೀಟರನ ಹೆಸರು. ಜನ ಪ್ರೀತಿಯಿಂದ ‘ದಪ್ಪ ಪಿಟರ್’ ಎನ್ನುತ್ತಾರೆ. 1940ರಲ್ಲಿ ಎರಡನೆಯ ಸಲ ಕಂಚಿನ ಗಂಟೆಗಳನ್ನು ಕೇಳಿ ಆಜ್ಞೆ ಬಂದಾಗಲೂ ಅದು ಉಳಿದುಕೊಂಡಿತು. ಬೋಖುಮ್‌ನ ಉಕ್ಕಿನ ಗಂಟೆಗಳಂತೂ ಹೇಗೂ ಉಳಿದವು, ಅವುಗಳಲ್ಲೂ ತಾಮ್ರವಿರಲಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, “ಸರ್, ಆ ಉಕ್ಕಿನ ಗಂಟೆ ಕೇಳೋಕೆ ಹೇಗಿರುತ್ತೆ?” ಎಂದು ಕೇಳಿದಳು. ಕೇಳಿದ್ದೇನಮ್ಮ, ಎಂದೆ. ರೂರ್ ಸೀಮೆಯ ಸಣ್ಣ ಊರೊಂದರಲ್ಲಿ, ಭಾನುವಾರ ಬೆಳಿಗ್ಗೆ. ಕಂಚಿಗಿಂತ ಒರಟು. ಪೆಟ್ಟು ಬಿದ್ದ ಕೂಡಲೇ ಜೋರಾಗಿ ಏಳುತ್ತದೆ, ಬೇಗ ಆರಿಹೋಗುತ್ತದೆ, ಕಂಚಿನ ಹಾಗೆ ಗುಂಯ್‌ಗುಡುತ್ತ ಗಾಳಿಯಲ್ಲಿ ನಿಲ್ಲುವುದಿಲ್ಲ. ಆದರೂ ಊರಿನವರು ಆ ಸದ್ದಿಗೇ ಕೋಟು ಹಾಕಿಕೊಂಡು ಚರ್ಚಿಗೆ ಹೊರಟಿದ್ದರು.